ಇನ್ನೂರ ಹದಿನೇಳನೇ ಸಾಲಿನ ಹೆಂಗಸು ಲಸಿಕೆ ಬೇಡ ಎಂದಿರಲಿಲ್ಲ

ಸಾಂಕ್ರಾಮಿಕ ರೋಗಗಳ ಅಂಕಿಅಂಶ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ತಾವು ಕಳೆದ ತಿಂಗಳು ಹೊರತಂದ ಅಂತಿಮ ವರದಿಯ ನಾಲ್ಕನೇ ಅನುಬಂಧದಲ್ಲಿ, ಇನ್ನೂರ ಹದಿನೇಳನೇ ಸಾಲಿನಲ್ಲಿ, ಒಂದು ಸುಳ್ಳು ಅಚ್ಚಾಗಿದೆ. ‘ಹೆಣ್ಣು, ವಯಸ್ಸು ಅರವತ್ತೆರಡು, ಲಸಿಕೆ ಪಡೆದಿಲ್ಲ, ಕಾರಣ: ಸ್ವಇಚ್ಛೆಯಿಂದ ನಿರಾಕರಣೆ.’ ಹೆಸರು ಹಾಕದಿರುವಷ್ಟು ಸೌಜನ್ಯ ತಮಗಿದೆ, ಒಪ್ಪುತ್ತೇನೆ. ಆದರೆ ಆಸ್ಪತ್ರೆಗೆ ಸೇರಿದ ದಿನ, ತೀರಿಕೊಂಡ ದಿನ ಎರಡನ್ನೂ ಹಾಕಿದ್ದೀರಿ. ಅದು ನನ್ನ ಅಕ್ಕನ ಸಾಲು ಎಂದು ಗುರುತು ಹಿಡಿಯಲು ನನಗೆ ಎರಡು ನಿಮಿಷವೂ ಬೇಕಾಗಲಿಲ್ಲ. ನನ್ನ ಅಕ್ಕ ಯಾವುದನ್ನೂ ನಿರಾಕರಿಸಲಿಲ್ಲ. ಆ ಸಾಲನ್ನು ತಿದ್ದಬೇಕು. ತಮ್ಮ ಕಚೇರಿಯ ಆರನೇ ಕಿಟಕಿಯಲ್ಲಿ ನಿಂತು ಮೆಲ್ಲಗೂ ಕೇಳಿದೆ, ದನಿ ಏರಿಸಿಯೂ ಕೇಳಿದೆ, ಆಗಲಿಲ್ಲ. ಯಾಕೆ ಆಗಲಿಲ್ಲ ಎಂಬುದನ್ನು ಮುಂದೆ ಹೇಳುತ್ತೇನೆ. ಅದನ್ನು ಓದಿದ ಮೇಲೆ ತಾವು ಕುರ್ಚಿಯಲ್ಲಿ ಆರಾಮಾಗಿ ಒರಗಿಕೊಳ್ಳಬಹುದು, ನಾಚಿಕೆಪಡಬೇಕಾದವನು ನಾನೇ.

ಸಾವಿರಾರು ಸಾಲುಗಳ ನಡುವೆ ಒಂದು ಸಾಲಿಗೆ ಇಷ್ಟು ರಂಪವೇ ಎಂದು ತಾವು ಕೇಳಬಹುದು. ಆ ಸಾಲನ್ನು ನಂಬಿಕೊಂಡು ಒಬ್ಬಳು ಬದುಕುತ್ತಿದ್ದಾಳೆ, ಸ್ವಾಮಿ. ಅವಳು ಅಕ್ಕನ ಮಗಳು, ಬಸ್ ಡಿಪೋದಲ್ಲಿ ಪಾಸು ಕೊಡುವ ಕೌಂಟರಿನಲ್ಲಿ ಕೆಲಸ ಮಾಡುತ್ತಾಳೆ. ತಾಯಿಗೆ ಲಸಿಕೆಯ ದಿನ ಗೊತ್ತು ಮಾಡಿಸಿದ್ದವಳು ಅವಳೇ. ತಾಯಿ ಹಠ ಹಿಡಿದು, ತನ್ನ ಮಾತಿಗೆ ಸೊಪ್ಪು ಹಾಕದೆ, ಬೇಕೆಂದೇ ಹೋಗಲಿಲ್ಲ ಎಂದು ಎರಡು ವರ್ಷದಿಂದ ಅವಳು ನಂಬಿದ್ದಾಳೆ. ಆಸ್ಪತ್ರೆ ಕೊಟ್ಟ ಕಾಗದದಲ್ಲೂ ಹಾಗೇ ಇತ್ತು. ಈಗ ತಮ್ಮ ವರದಿಯೂ ಮೊಹರು ಒತ್ತಿದೆ. ತಾಯಿಯ ಪಟಕ್ಕೆ ಚೌಕಟ್ಟು ಹಾಕಿಸಿ ತಂದವಳು, ಅದನ್ನು ಇನ್ನೂ ಗೋಡೆಗೆ ಏರಿಸಿಲ್ಲ. ಬೀರುವಿನ ಹಿಂದೆ, ಕಾಗದ ಸುತ್ತಿದ ಹಾಗೇ ಒರಗಿಸಿ ಇಟ್ಟಿದ್ದಾಳೆ.

ಇನ್ನು ನನ್ನ ವಿಷಯ. ನಾನು ಅಂಗಿಯ ಗುಂಡಿ ಮಾಡುವ ಕಾರ್ಖಾನೆಯಲ್ಲಿ ಇಪ್ಪತ್ತೇಳು ವರ್ಷದಿಂದ ತಪಾಸಣೆ ಮಾಡುವವನು. ಉದ್ದನೆಯ ಮೇಜು, ಮೇಲೊಂದು ಬಿಳಿ ದೀಪ, ದೀಪದ ಕೆಳಗೆ ಒಂದು ತಟ್ಟೆ. ತೂತು ಓರೆಯಾದವು, ಅಂಚು ಮುಕ್ಕಾದವು, ಬಣ್ಣ ಕೆಟ್ಟವು ಎಲ್ಲ ಆ ತಟ್ಟೆಗೆ. ನಮ್ಮಲ್ಲಿ ಎರಡು ಯಂತ್ರಗಳಿವೆ. ದೊಡ್ಡ ಯಂತ್ರ ಹತ್ತರಲ್ಲಿ ಒಂಬತ್ತು ಗುಂಡಿ ಒತ್ತುತ್ತದೆ, ಹಳೆಯದು ಏದುಸಿರು ಬಿಡುತ್ತ ಒಂದು ಒತ್ತುತ್ತದೆ. ತಟ್ಟೆಯಲ್ಲಿ ಐವತ್ತು ಕೆಟ್ಟ ಗುಂಡಿ ಬಿದ್ದಿವೆ ಅನ್ನಿ. ಹಿಂಬದಿಯ ಗುರುತು ನೋಡಿದರೆ ಮೂವತ್ತು ದೊಡ್ಡದರವು, ಇಪ್ಪತ್ತು ಹಳೆಯದರವು. ಕೆಲಸಕ್ಕೆ ಹೊಸದಾಗಿ ಸೇರಿದವರು ಪ್ರತಿಯೊಬ್ಬರೂ ಮೊದಲ ವಾರದಲ್ಲಿ ಓಡಿಬಂದು ಹೇಳುವುದು ಒಂದೇ ಮಾತು: ದೊಡ್ಡ ಯಂತ್ರ ಕೆಟ್ಟಿದೆ, ನಿಲ್ಲಿಸಬೇಕು. ನಾನು ಅವರನ್ನು ಚೆನ್ನಾಗಿ ಜಾಡಿಸುತ್ತೇನೆ. ಒಂಬತ್ತು ಪಾಲು ಒತ್ತುವ ಯಂತ್ರದಿಂದ ಮೂವತ್ತು, ಒಂದೇ ಪಾಲು ಒತ್ತುವುದರಿಂದ ಇಪ್ಪತ್ತು, ಹಾಗಿದ್ದರೆ ಕೆಟ್ಟಿರುವುದು ಯಾವುದು ಎಂದು ಕೇಳುತ್ತೇನೆ. ಇದಕ್ಕಾಗಿಯೇ ನಮ್ಮಲ್ಲಿ ಪ್ರತಿ ತಟ್ಟೆಗೂ ದಾರದಲ್ಲಿ ಒಂದು ಚೀಟಿ ಕಟ್ಟಿರುತ್ತದೆ: ಆ ಹೊತ್ತು ಯಾವ ಯಂತ್ರ ಒಟ್ಟು ಎಷ್ಟು ಒತ್ತಿತು ಎಂಬ ಚೀಟಿ. ಚೀಟಿ ಇಲ್ಲದ ತಟ್ಟೆಗೆ ನಾನು ಸಹಿ ಹಾಕುವುದಿಲ್ಲ, ಮಾಲೀಕರೇ ಬಂದು ನಿಂತರೂ ಹಾಕುವುದಿಲ್ಲ. ಕಾರ್ಖಾನೆಯಲ್ಲಿ ನನ್ನ ಬೆನ್ನ ಹಿಂದೆ ಎಲ್ಲರೂ ನನ್ನನ್ನು ‘ಚೀಟಿ’ ಎಂದೇ ಕರೆಯುವುದು. ನನಗೆ ಅದು ಗೊತ್ತು, ಒಳಗೊಳಗೆ ಖುಷಿಯೂ ಇತ್ತು.

ಈಗ ತಮ್ಮ ಕೈಚಳಕಕ್ಕೆ ಬರೋಣ. ಎರಡು ವರ್ಷದ ಹಿಂದೆ ಒಂದು ಶನಿವಾರ ತಮ್ಮ ವಿಭಾಗ ಒಂದು ಪ್ರಕಟಣೆ ಹೊರಡಿಸಿತು. ಅರವತ್ತು ದಾಟಿದವರಲ್ಲಿ ಕಳೆದ ವಾರ ಈ ನಗರದಲ್ಲಿ ಸೋಂಕಿನಿಂದ ಸತ್ತವರು ಐವತ್ತು ಮಂದಿ, ಅವರಲ್ಲಿ ಲಸಿಕೆ ಪಡೆದವರು ಮೂವತ್ತು ಮಂದಿ. ಅಷ್ಟೇ. ಅದರ ಕೆಳಗೆ ತಮ್ಮ ಲಾಂಛನ, ದಿನಾಂಕ, ಯಾರದೋ ಗೀಚು ಸಹಿ. ಮರುದಿನ, ಭಾನುವಾರ, ಪತ್ರಿಕೆಗಳು ಸುಮ್ಮನಿರುತ್ತವೆಯೇ? ‘ಮೃತರಲ್ಲಿ ಶೇಕಡಾ ಅರವತ್ತು ಮಂದಿ ಲಸಿಕೆ ಪಡೆದವರೇ!’ ಎಂದು ಮುಖಪುಟದಲ್ಲಿ ಅಂಗೈಯಗಲದ ಅಕ್ಷರ. ಫೋನಿನಲ್ಲಿ ಅದೇ ಸುದ್ದಿ ಕೈಕಾಲು ಮೂಡಿಸಿಕೊಂಡು ಮಧ್ಯಾಹ್ನದೊಳಗೆ ಓಣಿ ಓಣಿ ತಿರುಗಿತು. ಅರವತ್ತು ದಾಟಿದವರು ನಗರದಲ್ಲಿ ಒಂದು ಲಕ್ಷ ಇದ್ದರು, ಅವರಲ್ಲಿ ತೊಂಬತ್ತು ಸಾವಿರ ಮಂದಿ ಆಗಲೇ ಲಸಿಕೆ ಹಾಕಿಸಿಕೊಂಡಿದ್ದರು ಎಂಬುದನ್ನು ಹೇಳಲು ತಮಗೆ ಯಾರು ಅಡ್ಡ ಬಂದಿದ್ದರು? ಶಾಯಿ ಮುಗಿದಿತ್ತೇ? ಹೇಳಿದ್ದರೆ ಲೆಕ್ಕ ತಾನಾಗಿ ಬಾಯಿ ಬಿಡುತ್ತಿತ್ತು. ಹಾಕಿಸಿಕೊಂಡವರಲ್ಲಿ ಮೂರು ಸಾವಿರಕ್ಕೆ ಒಬ್ಬರು, ಹಾಕಿಸಿಕೊಳ್ಳದವರಲ್ಲಿ ಐನೂರಕ್ಕೆ ಒಬ್ಬರು. ಆರು ಪಟ್ಟು ವ್ಯತ್ಯಾಸ, ಅದೂ ಲಸಿಕೆಯ ಪರವಾಗಿ. ತಾವು ನಗರಕ್ಕೆಲ್ಲ ಚೀಟಿ ಇಲ್ಲದ ತಟ್ಟೆ ಹಂಚಿದಿರಿ.

ನಮ್ಮ ಮನೆಯ ಮಟ್ಟಿಗೆ ಆ ತಟ್ಟೆಗೆ ಸಹಿ ಹಾಕಿದವನು ನಾನು.

ಅಕ್ಕ ಮೂರನೇ ಮಹಡಿಯಲ್ಲಿ ಒಂದು ಕೋಣೆ, ಅಡುಗೆಮನೆ ಇರುವ ಮನೆಯಲ್ಲಿ ಮಗಳ ಜೊತೆ ಇದ್ದಳು. ಭಾವ ತೀರಿಕೊಂಡ ಮೇಲೆ ಕಿಟಕಿಯ ಪಕ್ಕದ ಹೊಲಿಗೆ ಯಂತ್ರವೇ ಅವಳ ಜೀವನ. ಹೊಸ ಬಟ್ಟೆ ಹೊಲಿಯುವುದು ಕಡಿಮೆ, ಉದ್ದ ಕಡಿಮೆ ಮಾಡುವುದು, ಸೊಂಟ ಬಿಗಿ ಮಾಡುವುದು, ಜಿಪ್ ಬದಲಿಸುವುದು ಜಾಸ್ತಿ. ದಿನಕ್ಕೆ ಇಪ್ಪತ್ತು ಜನ ಮೆಟ್ಟಿಲು ಹತ್ತಿ ಬರುತ್ತಿದ್ದರು. ಅಳತೆ ತೆಗೆಯುವಾಗ ದೂರ ನಿಲ್ಲುವುದು ಹೇಗೆ? ನನ್ನ ಕಾರ್ಖಾನೆಯ ಗುಂಡಿ ಎರಡು ಒಗೆತಕ್ಕೆ ಉದುರುತ್ತದೆ ಎಂದು ಬಂದವರಿಗೆಲ್ಲ ಹೇಳಿ ನನ್ನ ಮರ್ಯಾದೆ ತೆಗೆಯುವುದು ಅವಳಿಗೆ ಬಲು ಇಷ್ಟವಾದ ಕೆಲಸ. ಆದರೆ ಅಂಕಿಸಂಖ್ಯೆಯ ಮಾತು ಬಂದರೆ ನಾನು ಹೇಳಿದ್ದೇ ಕೊನೆ. ಚಿಕ್ಕಂದಿನಲ್ಲಿ ನನಗೆ ಮಗ್ಗಿ ಬಾಯಿಪಾಠ ಮಾಡಿಸಿದ್ದವಳು ಅವಳು. ನಾನು ಲೆಕ್ಕದಲ್ಲಿ ಜಾಣನಾದದ್ದು ತನ್ನ ಸ್ವಂತ ಆಸ್ತಿ ಎಂಬ ಹಾಗೆ ನಡೆದುಕೊಳ್ಳುತ್ತಿದ್ದಳು.

ಮಗಳು ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಲಸಿಕೆಯ ಸಮಯ ಗೊತ್ತು ಮಾಡಿದ್ದಳು. ಅಕ್ಕನಿಗೆ ರಕ್ತದೊತ್ತಡ ಇತ್ತು, ಅದರ ಭಯದಲ್ಲಿ ಮೊದಲೆರಡು ಸಲ ಮುಂದಕ್ಕೆ ಹಾಕಿದ್ದಳು, ಈ ಸಲ ತಯಾರಾಗಿದ್ದಳು. ಭಾನುವಾರ ಸಂಜೆ ನಾನು ಪತ್ರಿಕೆ ಹಿಡಿದುಕೊಂಡು ಹೋದೆ. ಯಾರೂ ಕರೆದಿರಲಿಲ್ಲ, ನಾನೇ ಹೋದೆ. ಪತ್ರಿಕೆ ಮೇಜಿನ ಮೇಲೆ ಹರಡಿ, ಕನ್ನಡಕ ಏರಿಸಿ, ಐವತ್ತರಲ್ಲಿ ಮೂವತ್ತು ಎಂದರೆ ಏನು ಎಂದು ಅಕ್ಕನಿಗೆ ಬಿಡಿಸಿ ಹೇಳಿದೆ. ನನ್ನ ವಿವರಣೆ ಬಹಳ ಸ್ಪಷ್ಟವಾಗಿತ್ತು. ಎರಡು ವಾರ ತಡೆ, ಅಂಕಿ ಹೇಗೆ ಹೋಗುತ್ತದೆ ನೋಡೋಣ ಎಂದೆ.

“ನೀನು ಎರಡೂ ಡೋಸ್ ಹಾಕಿಸ್ಕೊಂಡಿದ್ದೀಯಲ್ಲೋ,” ಅಂದಳು ಅಕ್ಕ.

“ಆಗ ಈ ಲೆಕ್ಕ ಬಂದಿರ್ಲಿಲ್ಲ ಅಕ್ಕ. ಬಂದಿದ್ದಿದ್ರೆ ನಾನೂ ಕಾಯ್ತಿದ್ದೆ.”

ಅವಳು ಬಾಯಲ್ಲಿದ್ದ ಸೂಜಿ ತೆಗೆದು ದಿಂಬಿಗೆ ಚುಚ್ಚಿದಳು. ಮತ್ತೆ ವಾದ ಮಾಡಲಿಲ್ಲ. ಮಗಳಿಗೆ ಏನು ಹೇಳುವುದು ಎಂಬುದಷ್ಟೇ ಅವಳ ಚಿಂತೆ. “ನಿನ್ನ ಹೆಸರು ಎತ್ತಿದ್ರೆ ಅವಳು ನಿನ್ನ ಮೇಲೆ ಹರಿಹಾಯ್ತಾಳೆ. ನಾನೇ ಬೇಡ ಅಂದೆ ಅಂತ ಹೇಳ್ತೀನಿ ಬಿಡು,” ಅಂದಳು. ನಾನು ಸರಿ ಅಂದೆ. ಇಂಥ ವಿಷಯದಲ್ಲಿ ಅಕ್ಕ ನನ್ನನ್ನು ಕಾಪಾಡುವುದು ನನಗೆ ಹುಟ್ಟಿದಾಗಿನಿಂದ ಅಭ್ಯಾಸವಾಗಿತ್ತು.

ತಾವು ಇಲ್ಲಿ ಒಂದು ಮಾತು ಹೇಳುತ್ತೀರಿ, ನನಗೆ ಗೊತ್ತು. ಹನ್ನೆರಡನೇ ದಿನ ತಾವು ಸ್ಪಷ್ಟೀಕರಣ ಕೊಟ್ಟಿದ್ದೀರಿ. ಹೌದು, ಕೊಟ್ಟಿದ್ದೀರಿ. ಒಳಪುಟದ ಮೂಲೆಯಲ್ಲಿ, ಟೆಂಡರ್ ಪ್ರಕಟಣೆಯ ಕೆಳಗೆ, ಇರುವೆ ಗಾತ್ರದ ಅಕ್ಷರದಲ್ಲಿ: ‘ಸದರಿ ಅಂಕಿಗಳನ್ನು ಆಯಾ ಗುಂಪಿನ ಒಟ್ಟು ಸಂಖ್ಯೆಯೊಡನೆ ಹೋಲಿಸಿ ಓದತಕ್ಕದ್ದು.’ ಒಟ್ಟು ಸಂಖ್ಯೆ ಎಷ್ಟೆಂಬುದು ತಮ್ಮ ಜಾಲತಾಣದಲ್ಲಿ ಇತ್ತಂತೆ. ಸುಳ್ಳು ಸುದ್ದಿಗೆ ಮುಖಪುಟ, ತಿದ್ದುಪಡಿಗೆ ಮೂಲೆ. ಇಷ್ಟು ಅಚ್ಚುಕಟ್ಟಾಗಿ ಯಾರಿಗೂ ಕಾಣದಂತೆ ಸತ್ಯ ಹೇಳುವುದು ಸುಲಭದ ಕೆಲಸವಲ್ಲ, ಅದಕ್ಕೊಂದು ವಿಭಾಗವೇ ಬೇಕು.

ಆದರೆ ಒಬ್ಬನಿಗೆ ಕಂಡಿತು. ನಾನು ಪತ್ರಿಕೆಯ ಮೂಲೆಗಳನ್ನೂ ಓದುವ ಮನುಷ್ಯ. ಊಟದ ಬಿಡುವಿನಲ್ಲಿ, ಅದೇ ಮೇಜಿನ ಮುಂದೆ ಕೂತು ಓದಿದೆ. ಎದುರಿಗೇ ತಟ್ಟೆ ಇತ್ತು, ಅದರ ದಾರದಲ್ಲಿ ಚೀಟಿ ಇತ್ತು. ಮೊದಲ ವಾರದ ಕೆಲಸಗಾರರಿಗೆ ಇಪ್ಪತ್ತೇಳು ವರ್ಷ ನಾನು ಬೈದ ಬೈಗುಳವೆಲ್ಲ ನನ್ನ ಕಿವಿಯಲ್ಲೇ ಕೇಳಿಸಿತು. ಕಾರ್ಖಾನೆಯಿಂದ ಅಕ್ಕನ ಮನೆಗೆ ನಡೆದರೆ ಇಪ್ಪತ್ತು ನಿಮಿಷ. ಫೋನ್ ಮಾಡಿದರೆ ಅರ್ಧ ನಿಮಿಷ. ‘ಅಕ್ಕ, ನಾನು ತಪ್ಪು ಹೇಳಿದೆ, ನಾಳೆಯೇ ಹೋಗು.’ ಇಷ್ಟೇ ಹೇಳಬೇಕಾಗಿದ್ದದ್ದು.

ಹೇಳಲಿಲ್ಲ. ಯಾಕೆ ಎಂದು ಎರಡು ವರ್ಷದಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ಕಾರಣ ಬಹಳ ಸಣ್ಣದು, ಅದಕ್ಕೇ ಹೇಳಲು ನಾಲಿಗೆ ಏಳುವುದಿಲ್ಲ. ಅಕ್ಕ ನಗುತ್ತಾಳೆ ಎನಿಸಿತು. ‘ಲೆಕ್ಕದ ಮಹಾಶಯ ಎಡವಿದ’ ಎಂದು ಜಿಪ್ ಹಾಕಿಸಲು ಬಂದವರ ಮುಂದೆಲ್ಲ ಹೇಳುತ್ತಾಳೆ ಎನಿಸಿತು. ಭಾನುವಾರ ಹೋದಾಗ ಮಾತಿನ ನಡುವೆ ನಯವಾಗಿ ಹೇಳಿದರಾಯಿತು ಎಂದುಕೊಂಡೆ. ಭಾನುವಾರ ಹೋದೆ. ಲೆಕ್ಕ ಏನಂತೆ ಎಂದು ಅವಳೇ ಕೇಳಿದಳು. ಸೋಂಕು ಇಳೀತಿದೆ ಅಂದೆ. ಇಳಿದಿತ್ತು ನಿಜ, ಯಾಕೆಂದರೆ ಆ ವಾರ ಪರೀಕ್ಷಾ ಕೇಂದ್ರಗಳು ಮೂರು ದಿನ ಮುಚ್ಚಿದ್ದವು. ಎಷ್ಟು ಜನರನ್ನು ಪರೀಕ್ಷಿಸಿದಿರಿ ಎಂಬುದನ್ನು ತಾವು ಹೇಳಿರಲಿಲ್ಲ, ಎಂದಿನಂತೆ. ನಾನೂ ಕೇಳಲಿಲ್ಲ, ಈ ಸಲ ಕೇಳಬೇಕೆಂದು ಗೊತ್ತಿದ್ದೂ ಕೇಳಲಿಲ್ಲ. ಎರಡು ವಾರ ನಾಲ್ಕಾಯಿತು, ನಾಲ್ಕು ಆರಾಯಿತು. ಶಾಲೆಗಳು ತೆರೆದವು, ಸಮವಸ್ತ್ರದ ರಾಶಿ ಅವಳ ಮೊಣಕಾಲಿನವರೆಗೆ ಬಂತು, ಅವಳಿಗೂ ತಲೆ ಎತ್ತಲು ಪುರುಸೊತ್ತಿರಲಿಲ್ಲ. ತಾವು ತಪ್ಪು ತಿದ್ದಲು ಹನ್ನೆರಡು ದಿನ ತೆಗೆದುಕೊಂಡಿರಿ ಎಂದು ಇಷ್ಟು ಹೊತ್ತು ಅಣಕಿಸಿದೆ. ನಾನು ತೆಗೆದುಕೊಂಡದ್ದು ಎರಡು ವರ್ಷ.

ನಲವತ್ತನಾಲ್ಕನೇ ದಿನ ಅಕ್ಕನಿಗೆ ಜ್ವರ ಬಂತು. ನನಗೂ ಅದೇ ವಾರ ಬಂತು. ಯಾರಿಂದ ಯಾರಿಗೆ ಎಂಬುದನ್ನು ತಮ್ಮ ಯಾವ ಕೋಷ್ಟಕವೂ ಹೇಳುವುದಿಲ್ಲ, ಅದಕ್ಕೆ ನಾನು ತಮಗೆ ಋಣಿ. ನನಗೆ ಮೂರು ದಿನ ಗಂಟಲು ಕೆರೆತ. ಅವಳಿಗೆ ಐದನೇ ದಿನ ಉಸಿರು ಕಟ್ಟಿತು. ಮಗಳು ಡಿಪೋದಿಂದ ಓಡಿಬಂದು ಆಟೋದಲ್ಲಿ ತಾಯಿಯನ್ನು ಕರೆತಂದಳು, ನಾನು ಆಸ್ಪತ್ರೆಯ ಬಾಗಿಲಲ್ಲಿ ಸಿಕ್ಕಿದೆ. ಮಗಳು ಹಾಸಿಗೆ ಖಾಲಿ ಇದೆಯೇ ಎಂದು ಕೇಳಲು ಒಳಗೆ ಹೋದಳು. ದಾಖಲಾತಿ ಮೇಜಿನ ಮುಂದೆ ಗಾಲಿಕುರ್ಚಿಯಲ್ಲಿ ಅಕ್ಕ, ಪಕ್ಕದಲ್ಲಿ ನಾನು.

ಈಗ ಆರನೇ ಕಿಟಕಿಯ ವಿಷಯ ಹೇಳಬೇಕು. ತಮ್ಮ ವರದಿ ಬಂದ ಮೇಲೆ ನಾನು ತಿದ್ದುಪಡಿ ಅರ್ಜಿ ಹಿಡಿದು ಅಲ್ಲಿಗೆ ಹೋದೆ. ಅಲ್ಲಿ ಕೂತಿದ್ದ ಹೆಣ್ಣುಮಗಳು ತಮ್ಮ ಹಾಗಲ್ಲ, ಬಹಳ ಒಳ್ಳೆಯವರು. ಅರ್ಜಿ ಪೂರ್ತಿ ಓದಿದರು. ಕಾರಣ ಎಂಬಲ್ಲಿ ನಾಲ್ಕೇ ಆಯ್ಕೆ ಇರುವುದು ಎಂದರು: ಲಸಿಕೆ ಸಿಗಲಿಲ್ಲ, ವೈದ್ಯರು ಬೇಡವೆಂದರು, ಸ್ವಇಚ್ಛೆಯಿಂದ ನಿರಾಕರಣೆ, ಗೊತ್ತಿಲ್ಲ. ಇಂಥವರೊಬ್ಬರು ತಡೆದರು ಎನ್ನುವುದಕ್ಕೆ ಜಾಗವಿಲ್ಲ. ನಾನು ದನಿ ಏರಿಸಿದೆ. ಆಸ್ಪತ್ರೆಯವರು ಬಾಯಿಗೆ ಬಂದದ್ದು ಬರೆದಿದ್ದಾರೆ, ಸತ್ತವಳು ಬಂದು ಹೇಳಿದಳೇ ಎಂದೆ. ಆಕೆ ಕಂಪ್ಯೂಟರಿನಲ್ಲಿ ಹುಡುಕಿ, ಪರದೆಯನ್ನು ನನ್ನ ಕಡೆ ತಿರುಗಿಸಿದರು. ಅಕ್ಕನ ದಾಖಲಾತಿ ನಮೂನೆ. ಕೆಳಗೆ ‘ಮಾಹಿತಿ ನೀಡಿದವರು’ ಎಂಬಲ್ಲಿ ಒಂದು ಸಹಿ.

“ಇದು ಯಾರ ಸಹಿ ಸಾರ್?” ಎಂದು ಕೇಳಿದರು.

“ನಂದೇ,” ಅಂದೆ.

ಗೊತ್ತಿತ್ತು, ಮಾನ್ಯರೇ. ಮರೆತಿರಲಿಲ್ಲ. ಆ ಕಾಗದ ಎಲ್ಲೋ ಕಳೆದುಹೋಗಿರಲಿ ಎಂದು ಆಸೆಪಟ್ಟಿದ್ದೆ, ಅಷ್ಟೇ. ಅವತ್ತು ಮೇಜಿನ ಹಿಂದಿದ್ದ ಗುಮಾಸ್ತರು ಲಸಿಕೆ ಆಗಿದೆಯಾ ಎಂದರು, ಇಲ್ಲ ಎಂದೆ. ಯಾಕೆ ಎಂದರು. ಅಷ್ಟರಲ್ಲಿ ಮಗಳು ಒಳಗಿನಿಂದ ಬರುತ್ತಿರುವುದು ಕಾಣಿಸಿತು. “ಅವರೇ ಬೇಡ ಅಂದ್ರು,” ಅಂದುಬಿಟ್ಟೆ. ಅಕ್ಕ ನನ್ನ ಪಕ್ಕದಲ್ಲೇ ಇದ್ದಳು, ಎಲ್ಲ ಕೇಳಿಸುತ್ತಿತ್ತು. ಗುಮಾಸ್ತರು ಹೌದಾ ಎಂಬಂತೆ ಅವಳ ಮುಖ ನೋಡಿದರು. ಅವಳು ನನ್ನನ್ನು ಒಮ್ಮೆ ನೋಡಿ, ಹೌದೆಂದು ತಲೆಯಾಡಿಸಿದಳು. ಉಸಿರಾಡುವುದೇ ಕಷ್ಟವಾಗಿದ್ದಾಗಲೂ ನನಗಾಗಿ ಸುಳ್ಳು ಹೇಳಲು ಅವಳಿಗೆ ಶಕ್ತಿ ಇತ್ತು. ಆರು ದಿನಕ್ಕೆ ಹೋದಳು.

ಹಾಗಾಗಿ ಇನ್ನೂರ ಹದಿನೇಳನೇ ಸಾಲಿನ ಸುಳ್ಳು ತಮ್ಮದಲ್ಲ, ನನ್ನದು. ತಾವು ನಂಬಿದಿರಿ, ಅಚ್ಚು ಹಾಕಿದಿರಿ. ಆದರೆ ಅಷ್ಟಕ್ಕೇ ಕೈ ತೊಳೆದುಕೊಳ್ಳಬೇಡಿ. ತಮ್ಮ ವರದಿಯ ಏಳನೇ ಅಧ್ಯಾಯದಲ್ಲಿ, ಸ್ವಇಚ್ಛೆಯಿಂದ ನಿರಾಕರಿಸಿ ಸತ್ತವರು ಮುನ್ನೂರ ನಲವತ್ತು ಎಂದು ಬರೆದು, ಅದಕ್ಕೆ ‘ಸಾರ್ವಜನಿಕರ ಅಜ್ಞಾನ ಮತ್ತು ಹಠಮಾರಿತನ’ ಕಾರಣ ಎಂದು ಷರಾ ಹಾಕಿದ್ದೀರಿ. ಆ ಮುನ್ನೂರ ನಲವತ್ತರಲ್ಲಿ ಎಷ್ಟು ಮಂದಿಯ ಪಕ್ಕದಲ್ಲಿ ನನ್ನಂಥ ಒಬ್ಬ ತಮ್ಮ, ಗಂಡ, ಮಗ, ಪಕ್ಕದ ಮನೆಯ ಪಂಡಿತ ಕೂತು ಪತ್ರಿಕೆ ಬಿಡಿಸಿ ಹೇಳಿದ್ದ? ಅವನ ಕೈಗೆ ಆ ಪತ್ರಿಕೆಯ ಅಂಕಿ ಕೊಟ್ಟವರು ಯಾರು? ಸತ್ತವರು ಹಠಮಾರಿಗಳು ಎಂದರೆ ತಮಗೂ ನೆಮ್ಮದಿ, ನನಗೂ ನೆಮ್ಮದಿ. ಎರಡು ವರ್ಷ ನಾವಿಬ್ಬರೂ ಒಂದೇ ಸುಳ್ಳಿನ ನೆರಳಲ್ಲಿ ತಣ್ಣಗೆ ಕೂತಿದ್ದೇವೆ. ನಾನು ಎದ್ದು ಬರುತ್ತಿದ್ದೇನೆ.

ಈ ಪತ್ರವನ್ನು ತಮಗೂ, ಬಹಿರಂಗ ಪತ್ರವಾಗಿ ಪತ್ರಿಕೆಗೂ ಕಳಿಸುವ ಮುಂಚೆ ಅಕ್ಕನ ಮಗಳಿಗೆ ಕೊಟ್ಟೆ. ಬೇರೆಯವರ ಬಾಯಿಂದ ಅವಳಿಗೆ ತಿಳಿಯಬಾರದು ಎನಿಸಿತು. ಡಿಪೋದ ಹಿಂಬದಿಯ ಕಟ್ಟೆಯ ಮೇಲೆ ಕೂತು, ಡಬ್ಬಿಯ ಮುಚ್ಚಳ ತೆಗೆಯದೆ, ಈ ಮೇಲಿನದನ್ನೆಲ್ಲ ಓದಿದಳು. ಒಂದು ಕಡೆ ನಿಂತು ಹಿಂದಕ್ಕೆ ಹೋಗಿ ಮತ್ತೆ ಓದಿದಳು, ಎಲ್ಲಿ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಅವಳು ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಹಾಳೆಗಳನ್ನು ನೀಟಾಗಿ ಮಡಿಸಿ ನನ್ನ ಕೈಗೆ ಕೊಟ್ಟು, “ಕಳ್ಸಿ ಮಾಮ,” ಅಂದಳು. ಎರಡು ಹೆಜ್ಜೆ ಹೋಗಿ ತಿರುಗಿದಳು. “ಸ್ವಲ್ಪ ದಿನ ಮನೆ ಕಡೆ ಬರ್ಬೇಡಿ. ಅಮ್ಮನ ಹತ್ರ ನಾನು ಮಾತಾಡೋದಿದೆ.”

ಸ್ವಲ್ಪ ದಿನ ಎಂದರೆ ಎಷ್ಟು ದಿನ ಎಂದು ನಾನು ಕೇಳಲಿಲ್ಲ.

ಆದ್ದರಿಂದ, ಮಾನ್ಯರೇ, ನನ್ನ ಬೇಡಿಕೆ. ಇನ್ನು ಮುಂದೆ ಎಷ್ಟು ಮಂದಿ ಸತ್ತರು ಎಂದು ಬರೆಯುವ ಕೈಯಲ್ಲೇ, ಅದೇ ಗಾತ್ರದ ಅಕ್ಷರದಲ್ಲಿ, ಎಷ್ಟು ಮಂದಿಯಲ್ಲಿ ಎಂದೂ ಬರೆಯಿರಿ. ತಪ್ಪಿದರೆ ತಪ್ಪಿದ ಜಾಗದಲ್ಲೇ ತಿದ್ದಿರಿ. ಏಳನೇ ಅಧ್ಯಾಯದ ಷರಾವನ್ನು ಹಿಂತೆಗೆದುಕೊಳ್ಳಿ. ಇನ್ನೂರ ಹದಿನೇಳನೇ ಸಾಲಿನಲ್ಲಿ ‘ಸ್ವಇಚ್ಛೆಯಿಂದ ನಿರಾಕರಣೆ’ ಎಂಬುದನ್ನು ಹೊಡೆದು ಹಾಕಿ, ಐದನೆಯದೊಂದು ಕಾರಣ ಸೇರಿಸಿ: ‘ಹೋಗಲು ತಯಾರಿದ್ದರು, ತಮ್ಮ ತಡೆದ.’ ಪುರಾವೆ ಬೇಕೆಂದರೆ ಈ ಪತ್ರವೇ ಪುರಾವೆ. ಸಹಿಯನ್ನು ತಮ್ಮಲ್ಲಿರುವ ದಾಖಲಾತಿ ನಮೂನೆಯ ಸಹಿಯೊಡನೆ ಹೋಲಿಸಿ ನೋಡಿಕೊಳ್ಳಬಹುದು, ಎರಡೂ ಒಂದೇ ಕೈಯವು. ತಿದ್ದಿದ ಪ್ರತಿಯನ್ನು ನನಗೆ ಕಳಿಸುವುದು ಬೇಡ. ಡಿಪೋದ ಪಾಸು ಕೌಂಟರಿನ ವಿಳಾಸವನ್ನು ತಮಗೆ ಕಳಿಸುವ ಪ್ರತಿಗೆ ಲಗತ್ತಿಸಿದ್ದೇನೆ, ಅಲ್ಲಿಗೆ ಕಳಿಸಿ.

ಇಂತಿ,
ಎರಡು ಡೋಸ್ ಹಾಕಿಸಿಕೊಂಡು, ಅಕ್ಕನಿಗೆ ತಡೆ ಎಂದ ತಮ್ಮ